ಅರ್ಜಿಯವ್ವನ ಜಾಮೀನು

ಇವತ್ತಿನ ಪ್ರವಚನದಲ್ಲಿ ಅಂಜಿಕೆಯ ಬಗ್ಗೆ ಹೇಳುತ್ತಿದ್ದೆ. ಹಾವಿಗೆ ಅಂಜುವುದು, ಕತ್ತಲೆಗೆ ಅಂಜುವುದು ಬಿಡಿ, ಅದು ಮಕ್ಕಳ ಅಂಜಿಕೆ. ದೊಡ್ಡವರಿಗೆ ಇನ್ನೊಂದು ಅಂಜಿಕೆ ಇದೆ. ನಾಲ್ಕು ಜನ ಏನೆಂದಾರು ಎಂಬುದು. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಮುಂದಿನ ಸಾಲಿನವರು ಮೊಬೈಲು ಒಳಗಿಡಿ.

ಒಂದೂರಿನಲ್ಲಿ ಒಬ್ಬ ವಕೀಲನಿದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನು ಯಾರ ಪೈಕಿ ಎಂದು ಹುಡುಕಲು ಹೊರಡುತ್ತೀರಿ. ಮೂವತ್ತು ದಾಟಿತ್ತು, ಮನೆಯಲ್ಲಿ ಹೆಂಡತಿ, ಒಬ್ಬಳು ಮಗಳು. ವಕೀಲರ ಸಂಘದ ಕೋಣೆಯಲ್ಲಿ ಅವನ ಕುರ್ಚಿ ಬಾಗಿಲ ಪಕ್ಕದ್ದು. ಹಿರಿಯರು ಬಂದರೆ ಎದ್ದು ನಿಲ್ಲುವುದು, ಹಿರಿಯರು ನಕ್ಕರೆ ನಗುವುದು, ಇಷ್ಟನ್ನು ಚೆನ್ನಾಗಿ ಕಲಿತಿದ್ದ.

ಅದೇ ಊರಿನಲ್ಲಿ ಒಬ್ಬ ಹೆಂಗಸು. ಅವಳಿಗೆ ಊರು ಇಟ್ಟ ಹೆಸರು ಅರ್ಜಿಯವ್ವ. ನಳದಲ್ಲಿ ನೀರು ಬರದಿದ್ದರೆ ಅರ್ಜಿ, ರೇಷನ್ ಅಂಗಡಿ ತೆರೆಯದಿದ್ದರೆ ಅರ್ಜಿ, ವಕೀಲ ಕೇಸಿನ ದಿನ ತಪ್ಪಿಸಿಕೊಂಡರೆ ವಕೀಲನ ಮೇಲೂ ಅರ್ಜಿ. ಬಾಯಿ ಬಹಳ ಖಾರ. ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇರುತ್ತಾರೆ, ಬರುವುದು ಕಂಡರೆ ನೀವು ಬಾಗಿಲು ಮುಂದೆ ಮಾಡುತ್ತೀರಿ. ಅವಳು ಚೀಲ ಹಿಡಿದು ಕೋರ್ಟಿನ ಪಡಸಾಲೆಗೆ ಬಂದರೆ ಕೆಲವರಿಗೆ ಆಟ. ಎರಡು ಸಲ ಯಾರೋ ಹಿಂದಿನಿಂದ ಚೀಲ ಎಳೆದು ಕಾಗದವನ್ನೆಲ್ಲ ನೆಲಕ್ಕೆ ಚೆಲ್ಲಿದ್ದರು. ಅವಳು ಬಗ್ಗಿ ಆರಿಸಿಕೊಳ್ಳುವಾಗ ಅಲ್ಲಿದ್ದವರು ನಕ್ಕಿದ್ದರು. ನಮ್ಮ ವಕೀಲನೂ ನಕ್ಕಿದ್ದ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಶನಿವಾರ ಲೋಕ ಅದಾಲತ್. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ಗದ್ದಲದಲ್ಲಿ ಹಿಂದಿನಿಂದ ಒಂದು ಕೈ ಅರ್ಜಿಯವ್ವನ ಚೀಲ ಮುಟ್ಟಿತು. ಅವಳು ತಿರುಗಿಯೂ ನೋಡಲಿಲ್ಲ. ಸೆರಗಿನೊಳಗಿಂದ ಪೆಪ್ಪರ್ ಸ್ಪ್ರೇ ಡಬ್ಬಿ ತೆಗೆದು ಹೆಗಲ ಮೇಲಿಂದ ಹಿಂದಕ್ಕೆ ಹೊಡೆದೇಬಿಟ್ಟಳು. ಖಾಲಿಯಾಗುವ ತನಕ ಹೊಡೆದಳು. ಮಕ್ಕಳು ಚೀರಿದವು. ಕರಿಕೋಟಿನವರು ಕಣ್ಣು ಹಿಡಿದುಕೊಂಡು ಕಂಬಕ್ಕೆ ಹಾಯ್ದರು. ಮೆಟ್ಟಿಲ ಮೇಲೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಮನೆಮನೆಗೆ ಸಮನ್ಸ್ ಮುಟ್ಟಿಸುತ್ತಿದ್ದ ಮುದುಕ ಅಮೀನನಿಗೆ ಮೊದಲೇ ಉಬ್ಬಸ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಒಳ್ಳೆಯ ಮನುಷ್ಯ. ಊರಿಗೆ ಊರೇ ಅತ್ತಿತು.

ಪೊಲೀಸರು ಅರ್ಜಿಯವ್ವನನ್ನು ಹಿಡಿದು ಜೈಲಿಗೆ ಕಳಿಸಿದರು. ಇನ್ನು ಅವಳ ಪರ ಯಾರು ನಿಲ್ಲುತ್ತಾರೆ? ಅವಳ ವಕಾಲತ್ತು ಯಾರೂ ಹಾಕಬಾರದೆಂದು ವಕೀಲರ ಸಂಘ ಠರಾವು ಮಾಡಿತು. ಅವರನ್ನೂ ಪೂರ್ತಿ ಬೈಯಲಾರೆ, ಕಣ್ಣು ಉರಿದದ್ದು ಅವರದೇ. ಆದರೆ ವಕೀಲನಿಲ್ಲದೆ ಕೇಸು ನಡೆಸುವುದಿಲ್ಲ ಎಂದು ನ್ಯಾಯಾಧೀಶರು ಕಾನೂನು ನೆರವಿನ ಪಟ್ಟಿ ತರಿಸಿದರು. ಸರದಿ ಬಂದದ್ದು ಬಾಗಿಲ ಪಕ್ಕದ ಕುರ್ಚಿಯವನದು.

ಅವತ್ತಿನಿಂದ ಅವನಿಗೆ ಕಾಟ ಶುರುವಾಯಿತು. ಮರುದಿನ ಹೋಗಿ ನೋಡಿದರೆ ಕುರ್ಚಿ ಹೊರಗೆ ಬಿಸಿಲಲ್ಲಿ ಬಿದ್ದಿತ್ತು. ಮಧ್ಯಾಹ್ನ ಊಟ ಮುಗಿಸಿ ಕೋಟು ತೊಟ್ಟು ಕಿಸೆಗೆ ಕೈ ಹಾಕಿದರೆ ಮುಷ್ಟಿ ತುಂಬ ಖಾರದ ಪುಡಿ. ಸಂಜೆ ಯಾರೋ ಹೆಂಡತಿಗೆ ಫೋನ್ ಮಾಡಿ, ಮಗಳು ಯಾವ ಶಾಲೆಗೆ ಹೋಗುತ್ತಾಳೆ ಎಂದು ಕೇಳಿದರು. ಗದರಿಸಲಿಲ್ಲ. ಶಾಲೆಯ ಹೆಸರು ಕೇಳಿ ಇಟ್ಟರು, ಅಷ್ಟೇ. ಆ ಫೋನಿನ ನಂತರ ಮಗಳನ್ನು ಅವನೇ ಶಾಲೆಯ ಬಾಗಿಲ ತನಕ ಬಿಟ್ಟು ಬರತೊಡಗಿದ.

ಅವನಿಗೆ ಕೆಲಸ ಕಲಿಸಿದ ಹಿರಿಯ ವಕೀಲರು ಕರೆದು, ಪ್ರೀತಿಯಿಂದಲೇ ಒಂದು ದಾರಿ ತೋರಿಸಿದರು. "ವಕಾಲತ್ತು ಹಾಕಪಾ, ಬ್ಯಾಡ ಅನ್ನೂದಿಲ್ಲ. ಜಾಮೀನು ಅರ್ಜಿ ಮಾತ್ರ ಹಾಕಬ್ಯಾಡ. ತಾರೀಖು ತಗೋತ ಕುಂದ್ರು. ನಿನಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ."

ಎಷ್ಟು ಸುಲಭ ನೋಡಿ. ಯಾರನ್ನೂ ಹೊಡೆಯಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ. ಸುಮ್ಮನೆ ಕೂತರೆ ಸಾಕು, ಒಬ್ಬಳು ಹೆಂಗಸು ಒಳಗೇ ಕೊಳೆಯುತ್ತಾಳೆ. ನಾವು ಎಷ್ಟು ಜನರನ್ನು ಹೀಗೆ ಸುಮ್ಮನೆ ಕೂತು ಮುಗಿಸಿಲ್ಲ?

ಆ ಉಪಾಯ ಮನಸ್ಸಿನಲ್ಲಿಟ್ಟುಕೊಂಡೇ ಅವನು ಜೈಲಿಗೆ ಹೋದ. ಎರಡು ಸಲ ಅವಳು ಬೈದು ಕಳಿಸಿದಳು. ಮೂರನೆಯ ಸಲ ಎದುರು ಕೂತಳು. ಇವನು ಜೈಲಿನ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ವಕಾಲತ್ತಿನ ಹಾಳೆ ಮುಂದಿಟ್ಟು, ಪೆನ್ಸಿಲ್ ಗುರುತು ಇದ್ದ ಕಡೆ ಸಹಿ ಮಾಡಲು ಹೇಳಿದ. ಎಲ್ಲ ಕಡೆ ನಡೆಯುವುದು ಹಾಗೆಯೇ. ಕಕ್ಷಿದಾರ ಓದುವುದಿಲ್ಲ, ವಕೀಲ ಓದಿ ಹೇಳುವುದಿಲ್ಲ. ಅವಳು ಪೆನ್ನು ಮುಟ್ಟಲಿಲ್ಲ.

"ಓದು," ಅಂದಳು.

ನೂರಾರು ಜನರಿಂದ ಸಹಿ ಹಾಕಿಸಿಕೊಂಡ ಹಾಳೆಯನ್ನು ಅವನು ಮೊದಲ ಸಲ ಗಟ್ಟಿಯಾಗಿ ಓದಿದ. ನನ್ನ ಪರವಾಗಿ ಹಾಜರಾಗಲು, ನನ್ನ ಪರವಾಗಿ ವಾದಿಸಲು, ನನ್ನ ಪರವಾಗಿ ಅರ್ಜಿ ಸಲ್ಲಿಸಲು ಇವರನ್ನು ನೇಮಿಸಿದ್ದೇನೆ. ಅರ್ಜಿ ಎಂಬಲ್ಲಿಗೆ ಬಂದಾಗ ಅವನ ದನಿ ನಿಂತುಹೋಯಿತು.

"ನೀನೂ ನಕ್ಕಿದ್ದಿ," ಅಂದಳು ಅವಳು. "ನಾ ಕಾಗದ ಆರಸಾಕತ್ತಿದ್ದೆ. ನಿನ್ನ ಬೂಟಿನ ಬುಡಕ ಒಂದಿತ್ತು. ನೀ ಕಾಲ ಎತ್ತಲಿಲ್ಲ."

ಅವನು ಕರವಸ್ತ್ರ ಕೆಳಗಿಟ್ಟ. ಅವಳು ಹೇಳುತ್ತ ಹೋದಳು. ಎರಡನೆಯ ಸಲ ಚೀಲ ಎಳೆದ ಮೇಲೆ, ಹಿಂದೆ ಯಾರು ನಡೆದರೂ ಅವಳ ಬೆನ್ನು ತಣ್ಣಗಾಗುತ್ತಿತ್ತು. ಅದರ ಬಗ್ಗೆ ನಾಲ್ಕು ಅರ್ಜಿ ಕೊಟ್ಟಳು, ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಡಬ್ಬಿ ತಂದುಕೊಂಡಳು. ಊರು ಅವಳ ಬಾಯಿಗೆ ಅಂಜುತ್ತಿತ್ತು, ಅವಳು ಊರಿಗೆ ಅಂಜುತ್ತಿದ್ದಳು. ಎಲ್ಲ ಹೇಳಿ ಒಂದೇ ಪ್ರಶ್ನೆ ಕೇಳಿದಳು.

"ಅವತ್ತ ಚೀಲಕ್ಕ ಕೈ ಹಾಕಿದಾಂವ ಯಾರು?"

ಅವನಿಗೆ ಗೊತ್ತಿತ್ತು. ಚಹಾ ಮಾರುವವನು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿತ್ತು. ಅವಳ ಚೀಲದಿಂದ ಒಂದು ಕಾಗದ ಜಾರಿ ಬಿದ್ದಿತ್ತು. ಅದನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಲು ಹೋದದ್ದು ಆ ಅಮೀನನ ಕೈ. ಹೇಳಲೋ ಬೇಡವೋ ಎಂದು ವಕೀಲ ಕರವಸ್ತ್ರ ಮಡಚಿದ, ಬಿಚ್ಚಿದ. ಆಮೇಲೆ ಹೇಳಿದ.

ಅವಳು ಅಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ನೋಡಿದಳು. "ಅಷ್ಟ ಮಂದ್ಯಾಗ ಬಗ್ಗಿ ಎತ್ತಿಕೊಟ್ಟಾಂವ ಅಂವ ಒಬ್ಬನ," ಅಂದಳು. ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಹಾಳೆಯನ್ನು ಅವನ ಕಡೆ ಸರಿಸಿದಳು.

ಸೋಮವಾರ ಕೇಸು ಕೂಗಿದರು. ಅವನು ಎದ್ದ. ಹಿಂದೆ ನಲವತ್ತು ಕರಿಕೋಟು. ಬೆನ್ನು ತಣ್ಣಗಾಗುವುದು ಎಂದರೇನು ಎಂದು ಅವನಿಗೂ ಈಗ ತಿಳಿಯಿತು. ಮೇಜು ಹಿಡಿದುಕೊಂಡು, ಆರೋಪಿಯ ಪರ ತಾನಿದ್ದೇನೆ, ಜಾಮೀನು ಅರ್ಜಿ ಸಲ್ಲಿಸುತ್ತಿದ್ದೇನೆ ಎಂದ. ಅವಳು ಹೊಡೆದದ್ದು ನಿಜ, ಒಬ್ಬರು ಸತ್ತದ್ದು ನಿಜ, ಅದಕ್ಕೇನು ಶಿಕ್ಷೆ ಎಂಬುದನ್ನು ವಿಚಾರಣೆ ತೀರ್ಮಾನಿಸಲಿ, ಆದರೆ ಅವಳಿಗೆ ಆ ಅಂಜಿಕೆ ಹುಟ್ಟಿಸಿದವರಲ್ಲಿ ತಾನೂ ಒಬ್ಬ ಎಂದ. ನ್ಯಾಯಾಧೀಶರು ಜಾಮೀನು ಕೊಟ್ಟರು.

ಕಥೆ ಮುಗಿಯಿತೆಂದು ಕೈ ಮುಗಿಯಬೇಡಿ. ಮುಗಿದಿಲ್ಲ. ಅವಳು ಇನ್ನೂ ಒಳಗೇ ಇದ್ದಾಳೆ. ಜಾಮೀನು ಸಿಕ್ಕಿ ಐವತ್ತೈದು ದಿನವಾಯಿತು. ಹೊಲದ ಪಹಣಿ ತಂದು ಸಹಿ ಮಾಡುವ ಇಬ್ಬರು ಜಾಮೀನುದಾರರು ಬೇಕು. ವಕೀಲ ಮನೆಮನೆ ತಿರುಗಿದ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಚಹಾ ಕೊಟ್ಟರು. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದರು.

ಒಂದೂರು ಅಂದೆ. ಅರ್ಜಿಯವ್ವ ಅಂದಾಗಲೇ ನಿಮಗೆ ಯಾವ ಊರು ಎಂದು ಗೊತ್ತಾಗಿತ್ತು. ಆದರೂ ದೂರದ ಊರಿನ ಕಥೆ ಕೇಳುವವರ ಹಾಗೆ ಕೂತಿರಿ. ಚಹಾ ಕೊಟ್ಟವರು ಯಾರ್ಯಾರು ಎಂದು ತಗ್ಗಿಸಿದ ತಲೆಗಳೇ ಹೇಳುತ್ತಿವೆ. ನಿಮ್ಮನ್ನೇ ಬೈಯುತ್ತಿಲ್ಲ. ನಾನೂ ಕೋರ್ಟಿಗೆ ಹೋಗಿದ್ದೆ, ಸಹಿ ಮಾಡುತ್ತೇನೆ ಎಂದೆ. ಸನ್ಯಾಸಿಯ ಹೆಸರಿನಲ್ಲಿ ಹೊಲವಿಲ್ಲ, ನಡೆಯುವುದಿಲ್ಲ ಎಂದರು. ನಿಜ ಹೇಳುತ್ತೇನೆ, ಹಾಗೆಂದಾಗ ನನಗೆ ಒಳಗೊಳಗೇ ಹಗುರವಾಯಿತು. ನಾನೂ ಅಂಜಿದ್ದೆ.

ನಾಳೆಯಿಂದ ಇಷ್ಟು ಮಾಡಿ. ಬಾಯಿ ಖಾರದವರು ಮನೆಗೆ ಬಂದರೆ ಅವರ ಮಾತು ಮುಗಿಯುವ ತನಕ ಬಾಗಿಲು ತೆರೆದಿಡಿ. ಯಾರದೋ ಕಾಗದ ನೆಲಕ್ಕೆ ಬಿದ್ದಿದ್ದರೆ, ನಗುವ ಮೊದಲು ನಿಮ್ಮ ಕಾಲು ಎತ್ತಿ ನೋಡಿ. ಎಲ್ಲರೂ ಸುಮ್ಮನೆ ಕೂತಿದ್ದಾರೆ ಎಂದು ನೀವೂ ಕೂರಬೇಡಿ, ಅವರೂ ನಿಮ್ಮನ್ನು ನೋಡಿಯೇ ಕೂತಿರುತ್ತಾರೆ.

ನಾಳೆ ಸೋಮವಾರ. ಹನ್ನೊಂದು ಗಂಟೆಗೆ ಆ ವಕೀಲ ಕೋರ್ಟಿನ ಪಡಸಾಲೆಯಲ್ಲಿ ನಿಂತಿರುತ್ತಾನೆ, ಅವನಿಗೆ ಒಳಗೆ ಇನ್ನೂ ಕುರ್ಚಿಯಿಲ್ಲ. ನಾನೂ ಹೋಗಿ ಅವನ ಪಕ್ಕದಲ್ಲಿ ನಿಲ್ಲುತ್ತೇನೆ. ಇಬ್ಬರು ಬೇಕು, ಇಲ್ಲಿ ನೀವು ಮುನ್ನೂರು ಜನ ಇದ್ದೀರಿ. ಈಗ ಪ್ರಸಾದಕ್ಕೆ ಏಳಿ. ಪಹಣಿ ಮನೆಯಲ್ಲಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಊಟ ಮಾಡುತ್ತ ನೆನಪು ಮಾಡಿಕೊಳ್ಳಿ.