ಅಮ್ಮನ ಪರದೆ

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ಲಕ್ವ ಹೊಡೆದು ಮಾತು ಹೋಗಿದ್ದ ಅವರ ತಾಯಿ ಗಾಲಿಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಿದ್ದರು. ಅವರ ತೊಡೆಯ ಮೇಲೆ ಬೆರಳಿಂದ ಒತ್ತುವ ಪರದೆಯ ಪುಟ್ಟ ಕಂಪ್ಯೂಟರಿತ್ತು.

“ನಾನು ಮಾಡಿದ ತಪ್ಪಾದ್ರೂ ಏನಕ್ಕಾ? ಪ್ರೋಗ್ರಾಂ ನಡೆಸೋ ಸಾಫ್ಟ್‌ವೇರ್‌ಗೆ ಹೊಸ ವರ್ಷನ್ ಹಾಕಿದೆ, ಅಷ್ಟೇ.”

“ಹಳೇದರಲ್ಲಿ ಚಿತ್ರ, ಬಟನ್ ತೋರಿಸೋ ಭಾಗ ಒಳಗೇ ಇತ್ತು ಕಣೋ. ಹೊಸದರಲ್ಲಿ ಅದನ್ನ ಬೇರೆ ಮಾಡಿದಾರೆ. ಬೇಕಾದವರು ತಾವೇ ತಂದು ಸೇರಿಸ್ಕೋಬೇಕು.”

“ಹಾಗಾದ್ರೆ ಅಮ್ಮನಿಗೆ ಅಂತ ನೀನು ಬರೆದಿದ್ದ, ಚಿತ್ರ ಒತ್ತಿದ್ರೆ ಮಾತಾಡೋ ಪ್ರೋಗ್ರಾಂ?”

“ಅದು ನೆಟ್ಟಗೇ ಇತ್ತು. ಚಿತ್ರ ಮಾತ್ರ ಮೂಡ್ತಿರಲಿಲ್ಲ.”

“ಅಮ್ಮ ದಿನಾ ಖಾಲಿ ಪರದೆ ಒತ್ತುತ್ತಿದ್ಲು. ಬುದ್ಧಿನೂ ಮಂಕಾಯ್ತು ಅಂದ್ಕೊಂಡೆ.”

ಅಕ್ಕ ತಾಯಿಯ ಜಾರಿದ ಸೆರಗನ್ನು ಸರಿಮಾಡಿದಳು.

“ಫೋನಲ್ಲಿ ನೀನು ಹಾಗಂದಾಗ ನಾನೂ ನಂಬಿಬಿಟ್ಟೆ. ಬೆಳಿಗ್ಗೆ ಬಂದು ನೋಡಿದವಳೇ ಪ್ರೋಗ್ರಾಂನೂ ಚಿತ್ರ ತೋರಿಸೋ ಭಾಗಾನೂ ಒಂದೇ ಗಂಟು ಕಟ್ಟಿ ಹಾಕಿದೆ. ಇನ್ಮೇಲೆ ಯಾರು ಏನೇ ಬದಲಾಯಿಸಿದ್ರೂ ಒಟ್ಟಿಗೇ ಇರತ್ತೆ.”

“ಚಿತ್ರ ಮೂಡಿದ ಮೇಲೆ ಅಮ್ಮ ಮೊದಲು ಏನು ಒತ್ತಿದ್ಲು?”

“‘ನೋವು’. ಆಮೇಲೆ ‘ಬೆನ್ನು’. ಮಗ್ಗುಲು ತಿರುಗಿಸಿ ನೋಡಿದ್ರೆ ಹುಣ್ಣಾಗಿ ಕೀವು ತುಂಬಿದೆ.”

ತಮ್ಮ ಮುಖ ಮುಚ್ಚಿಕೊಂಡ. “ದಿನಾ ಅದೇ ಬೆನ್ನಿಗೆ ದಿಂಬು ಒತ್ತಿ ಕೂರಿಸ್ತಿದ್ದೆನಲ್ಲಕ್ಕಾ.”

ನರ್ಸ್ ಹೊರಬಂದು ಕರೆದಳು. ತಮ್ಮ ಎದ್ದು, ಕಂಪ್ಯೂಟರನ್ನು ತಾಯಿಯ ಕೈಗೆಟಕುವಂತೆ ಹಿಡಿದು ಬಗ್ಗಿದ.

“ಅಮ್ಮಾ, ಕುರ್ಚಿ ಮೆಲ್ಲಗೆ ತಳ್ಳಲಾ?”

ತಾಯಿಯ ಎಡಗೈ ಬೆರಳು ಪರದೆಯ ಮೇಲೆ ತಡಕಾಡಿ ಒಂದು ಕಡೆ ನಿಂತಿತು.

“ಹೂಂ ಕಣಪ್ಪಾ,” ಅಂದಿತು ಕಂಪ್ಯೂಟರು, ಅಕ್ಕನ ದನಿಯಲ್ಲಿ.

ಮೂವರೂ ಒಳಗೆ ಹೋದರು.