ಅಜ್ಞಾತ ಅಂತ ಹಾಕು, ಆವಲಪ್ಪ

ಮಳೆ ಹಿಡಿದು ಸಂಜೆಯ ಬಸ್ಸು ತಪ್ಪಿದ್ದೇ ಮಾತಿಗೆ ನೆಪವಾಯಿತು. ಶಿಡ್ಲಘಟ್ಟದ ಮುದುಕ ಆವಲಪ್ಪನ ಜಗಲಿಯಲ್ಲಿ ರೇಷ್ಮೆ ನೂಲು ತೆಗೆಯುವ ನಾಲ್ಕೈದು ಹೆಂಗಸರು ಸೆರಗು ಹೊದ್ದು ಕೂತಿದ್ದರು. ಅವರ ನಡುವೆ ಚಿಕ್ಕಬಳ್ಳಾಪುರದಿಂದ ಬಂದ ಟೀಚರು ಅನಸೂಯಮ್ಮ, ಮಡಿಲಲ್ಲಿ ಬಟ್ಟೆಚೀಲ. ನಾಡು ಮರೆತ ಪದ್ಯಗಳನ್ನು ಹುಡುಕಿ ಸಂಕಲನ ಮಾಡಲು ಮೂರು ವರ್ಷ ಊರೂರು ಅಲೆದವಳು. ಚೀಲದಲ್ಲಿದ್ದ ಹಸ್ತಪ್ರತಿ ನಾಳೆ ಬೆಂಗಳೂರಿಗೆ ಹೋಗಬೇಕು. ಅದರಲ್ಲಿ ಅವಳಿಗೆ ಪ್ರಾಣವಾಗಿದ್ದ ಪದ್ಯವೊಂದು ಹತ್ತು ವರ್ಷದ ಹಿಂದಿನ ಸಂಕಲನದಿಂದ ಎತ್ತಿಕೊಂಡದ್ದು. ಅಲ್ಲಿ ಕವಿಯ ಹೆಸರಿನ ಜಾಗದಲ್ಲಿ ‘ಅಜ್ಞಾತ’ ಎಂದಿತ್ತು, ಅವಳೂ ಹಾಗೇ ಬರೆದುಕೊಂಡಿದ್ದಳು. ಆ ಪುಸ್ತಕದ ರಟ್ಟಿನಲ್ಲಿ ಸಂಪಾದಕರ ಹೆಸರಿರಬೇಕಾದ ಕಡೆ ತೂತು. ಅದಕ್ಕೆ ಅಚ್ಚಿನ ಮೊಳೆ ಜೋಡಿಸಿದವನು ಆವಲಪ್ಪ ಎಂದು ಯಾರೋ ಹೇಳಿದ್ದರಿಂದ ಕೇಳಲು ಬಂದಿದ್ದಳು.

“ಅನಸೂಯಮ್ಮ ಅಂದ್ಯಾ? ಒಳ್ಳೇ ಹೆಸ್ರು” ಎಂದ ಮುದುಕ, ಅವಳು ಚಾಚಿದ ಆ ಹಳೆಯ ಪುಸ್ತಕವನ್ನು ಮಾತ್ರ ಮುಟ್ಟಲಿಲ್ಲ. “ಯಾರು ತಾತ ಇದನ್ನ ಮಾಡಿದ್ದು?” ಎಂದು ಅವಳು ಕೇಳಿದಳು.

“ಒಬ್ರು ಮೇಷ್ಟ್ರು ಕಣಮ್ಮ... ನಿನ್ನಂಗೇ ಹುಚ್ಚು. ಅಟ್ಟದ ಮೇಲಿನ ಹಳೇ ಪುಸ್ತಕ ಅಂದ್ರೆ ಊಟ ಬಿಟ್ಟು ಸೈಕಲ್ ಹತ್ತೋರು. ಮೇಲೂರಲ್ಲಿ ನಲ್ಲಪ್ಪನವರ ರೇಷ್ಮೆ ಹುಳುಮನೆಗೆ ಹೋದ್ರಂತೆ, ತಟ್ಟೇಲಿ ಹುಳುವಿನ ಕೆಳಗೆ ಹಾಸಿದ್ದೇನು ಅಂತೀರಿ? ಪದ್ಯ ಬರೆದ ಹಾಳೆ! ಬರೆದೋಳು ಆ ಮನೆ ಸೊಸೆ ಓಬಳಮ್ಮ. ಹುಳು ಕಾಯ್ತಾ ಕಾಯ್ತಾ ಬರೆದು, ಹಿಂದಿನ ವರ್ಷ ಜ್ವರ ಬಂದು ಹೋಗಿದ್ಲು. ಅತ್ತೆ ಆ ಹಾಳೆ ತಟ್ಟೆಗೆ ಹಾಸಿದ್ಲು. ಮೇಷ್ಟ್ರು ಕಣ್ಣೀರು ಹಾಕ್ಕೊಂಡು ಎತ್ಕೊಂಡು ಬಂದ್ರು.

“ನಾನು ಅವಳ ಹೆಸ್ರು ಜೋಡ್ಸಿಟ್ಟಿದ್ದೆ ಕಣಮ್ಮ. ಅಷ್ಟರಲ್ಲಿ ನಲ್ಲಪ್ಪ ಅಚ್ಚುಕೂಟಕ್ಕೇ ಬಂದ. ‘ಪದ ಬೇಕಾದ್ರೆ ತಗೊಳ್ರಿ. ನಮ್ಮನೆ ಹೆಣ್ಣಿನ ಹೆಸ್ರು ಕಂಡೋರ ಬಾಯಿಗೆ ಬೀಳಬಾರ್ದು’ ಅಂದ. ದೊಡ್ಡ ಕುಳ, ಮೇಷ್ಟ್ರು ಹೆದ್ರಿದ್ರು. ‘ಹೆಸ್ರು ತೆಗಿ, ಅಜ್ಞಾತ ಅಂತ ಹಾಕು, ಆವಲಪ್ಪ’ ಅಂದ್ರು. ಒಂದೊಂದೇ ಮೊಳೆ ಕಿತ್ತು ಅದರದರ ಗೂಡಿಗೆ ಹಾಕ್ದೆ... ಈ ಕೈ ನೋಡಿದ್ರೆ ಇವತ್ತಿಗೂ ನಾಚ್ಕೆ ಆಗ್ತದೆ.

“ಆವತ್ತಿಂದ ಸದ್ದು ಶುರುವಾಯ್ತು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಹುಳು ಸೊಪ್ಪು ತಿನ್ನೋ ಸದ್ದು ನಿಮಗೆ ಹೇಳ್ಬೇಕಾ? ಸೋನೆ ಮಳೆ ಸುರಿದಂಗೆ... ಅಚ್ಚುಕೂಟದಲ್ಲಿ ಹುಳು ಎಲ್ಲಿಂದ ಬರ್ಬೇಕು? ಅಚ್ಚು ಮುಗಿದ ಮಾರನೇ ಬೆಳಿಗ್ಗೆ ಕಟ್ಟು ಬಿಚ್ಚಿದ್ರೆ, ಮುನ್ನೂರು ಪುಸ್ತಕದಲ್ಲೂ ರಟ್ಟಿನ ಮೇಲೆ ಮೇಷ್ಟ್ರ ಹೆಸ್ರಷ್ಟೇ ತಿಂದಿತ್ತು. ಬೇರೆ ಒಂದಕ್ಷರ ಮುಟ್ಟಿರ್ಲಿಲ್ಲ.

“ಆಮೇಲೆ ಸ್ಕೂಲಲ್ಲಿ ರುಜು ಹಾಕೋಕೆ ಹೋದ್ರೆ ಮೇಷ್ಟ್ರ ಪೆನ್ನು ನಿಂತೋಗೋದು. ಹೆಂಡ್ತಿ ಗಂಡನ ಹೆಸ್ರು ಹೇಳಂಗಿಲ್ಲ, ಅದು ಮರೆತೋಗಿದ್ದು ಅವಳಿಗೆ ಗೊತ್ತೇ ಆಗ್ಲಿಲ್ಲ ಪಾಪ. ಹೆತ್ತಮ್ಮ ಊಟಕ್ಕೆ ಕರೆಯೋಣ ಅಂತ ಬಾಯಿ ತೆಗೆದೋಳು... ಹಂಗೇ ನಿಂತ್ಲು. ಮೂರು ತಿಂಗಳಿಗೆ ಮೇಷ್ಟ್ರು ಹೋದ್ರು. ತಿಥಿ ಮಾಡಕ್ಕೆ ಹೆಸ್ರು ಬೇಕಲ್ಲಮ್ಮ? ಯಾರಿಗೂ ಬರ್ಲಿಲ್ಲ. ನನಗೂ ಬರಲ್ಲ. ನಾನು ಕೂಲಿಯೋನು, ನನ್ನ ಹೆಸ್ರು ಎಲ್ಲೂ ಅಚ್ಚಾಗ್ಲಿಲ್ಲ, ಅದಕ್ಕೇ ಉಳ್ಕೊಂಡೆ.”

ಅನಸೂಯಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆಳಿಗ್ಗೆಯೇ ಓಬಳಮ್ಮನ ಹೆಸರು ಸೇರಿಸಿ ಕಳಿಸಿದರಾಯಿತು ಎಂದುಕೊಂಡಳು. ಸಣ್ಣ ಮಳೆಯ ಸದ್ದು ಕೇಳುತ್ತಲೇ ಇತ್ತು.

“ಹೊರಗೆ ನೋಡಮ್ಮ” ಎಂದ ಮುದುಕ. “ಮಳೆ ನಿಂತು ಎಷ್ಟು ಹೊತ್ತಾಯ್ತು...”

ಅಂಗಳ ಶಾಂತವಾಗಿತ್ತು. ಹೆಂಚಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಸದ್ದು ಅವಳ ಮಡಿಲಿನ ಚೀಲದಿಂದ ಬರುತ್ತಿತ್ತು. ಹಸ್ತಪ್ರತಿ ಹೊರಗೆಳೆದು, ‘ಅಜ್ಞಾತ’ ಎಂಬುದನ್ನು ಹೊಡೆದು, ಪೆನ್ನು ಒತ್ತಿ ‘ಓ’ ಎಂದು ಶುರುಮಾಡಿದಳು.

“ಬರಿ, ಬೇಗ ಬರಿ...” ಆವಲಪ್ಪ ಬಗ್ಗಿ ಅವಳ ಮುಖ ನೋಡಿದ. ಅಕ್ಕಪಕ್ಕದ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಂದಂಗೆ ತಾಯಿ, ಬಂದಾಗ ನೀನೇ ಹೇಳಿದ್ದೆ... ನಿನ್ನ ಹೆಸ್ರು ಏನಂದೆ?”