ಹಿಂಭಾರ ಹೇರಿದ ಗಾಡಿಮನೆ

ಯಾವ ಊರು ಅಂತ ಕೇಳಬೇಡಿ. ಹೆಸರು ಹೇಳಿದರೆ ‘ಅದು ಅವರ ಕಥೆ’ ಅಂತ ಕೈ ತೊಳೆದುಕೊಳ್ಳುತ್ತೀರಿ. ಒಬ್ಬ ಸಾಹುಕಾರನಿದ್ದ, ಅಷ್ಟು ಸಾಕು. ಹಿಂದಿನ ಸಾಲಿನವರು ಮೊಬೈಲ್ ಒಳಗಿಡಿ. ಇದು ನಿಮಗೇ ಹೇಳುತ್ತಿರುವುದು.

ಆ ಸಾಹುಕಾರನ ಮನೆದೇವರು ಗುಡ್ಡದಾಚೆ, ಬಲು ದೂರ. ಅವರ ಮನೆತನಕ್ಕೊಂದು ಪದ್ಧತಿ ಇತ್ತು. ದೇವರಿಗೆ ಹೊರಟರೆ ಸ್ವಂತ ಬಾವಿಯ ನೀರನ್ನೇ ಒಯ್ಯಬೇಕು. ಮನೆಯಲ್ಲಿ ಹಚ್ಚಿದ ದೀಪ ದಾರಿಯಲ್ಲಿ ಆರಬಾರದು. ಅಣ್ಣತಮ್ಮಂದಿರ ಮಕ್ಕಳಲ್ಲಿ ಯಾರು ಮೊದಲು ಮುಟ್ಟುತ್ತಾರೋ ಅವರ ನೀರು ಮೊದಲು ದೇವರ ತಲೆಯ ಮೇಲೆ. ಹಿರಿಯರು ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದರು. ನಮ್ಮ ಸಾಹುಕಾರ ಬಂಡಿ ಹೂಡುತ್ತಾನೆಯೇ? ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಒಂದು ಗಾಡಿಮನೆ ಮಾಡಿಸಿದ. ಎರಡು ಗಾಲಿಯ ಮೇಲೆ ಹಗುರ ತಗಡಿನ ಒಂದು ಕೋಣೆ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಮುಂದಿನ ಗೋಡೆಗೆ ದೇವರ ಬೆಳ್ಳಿ ಮಂಟಪ. ಪಕ್ಕದ ಬಾಗಿಲು ತೆಗೆದರೆ ಮಂಟಪ ಫಳಫಳ ಹೊಳೆಯಬೇಕು, ನೋಡಿದ ಮಂದಿ ಕೈ ಮುಗಿಯಬೇಕು. ದೇವರಿಗೋ, ಇವನಿಗೋ? ನೀವೇ ಹೇಳಿ.

ಮಾಡಿಕೊಟ್ಟವರು ಎರಡು ಮಾತು ಹೇಳಿ ಕಳಿಸಿದ್ದರು. ಭಾರವೆಲ್ಲ ಗಾಲಿಯಿಂದ ಮುಂದಕ್ಕೆ ಇರಲಿ. ಗಾಡಿ ಹಾವಿನ ಹಾಗೆ ಓಲಾಡತೊಡಗಿದರೆ ಜೀಪಿನ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ನೆಟ್ಟಗೆ ಹಿಡಿದು, ಹಿಂದಿನ ಗಾಡಿಯ ಬ್ರೇಕಿಗೆಂದೇ ಕೂರಿಸಿದ ಈ ಸಣ್ಣ ಹಿಡಿಯನ್ನು ಮೆಲ್ಲಗೆ ಒತ್ತಿ. ಅವನು ಹೂಂ ಅಂದ. ನೋಡಿ, ಹೂಂ ಅನ್ನುವುದಕ್ಕೆ ಖರ್ಚೇನೂ ಇಲ್ಲ.

ಹೊರಡುವ ದಿನ ಹೇರುವುದಕ್ಕೆ ನಿಂತ. ನೀರಿನ ದೊಡ್ಡ ಡ್ರಮ್ಮು, ಜೋಳದ ಹಿಟ್ಟಿನ ಚೀಲ, ಹಿತ್ತಾಳೆ ಹಂಡೆ, ಎಲ್ಲವನ್ನೂ ಹಿಂಬದಿಗೆ ತಳ್ಳಿಸಿದ. ಅವನ ತಾಯಿ ನೋಡುತ್ತ ನಿಂತಿದ್ದಳು.

“ತಮ್ಮಾ, ಹಿಂಭಾರ ಆತಲ್ಲೋ. ಡ್ರಮ್ಮು ಮುಂದ ತಗೋ.”

“ಯವ್ವಾ, ದೇವರ ಮುಂದ ಡ್ರಮ್ಮು ಇಟ್ಟರ ಚಂದ ಕಾಣಸ್ತದೇನ?”

“ಚಂದ ತಗೊಂಡು ಏನ್ ಮಾಡ್ತೀ? ಸಣ್ಣಾಂವ ಇದ್ದಾಗ ಬಂಡಿ ಹೇರಾಕ ನೀನ ಬರತಿದ್ದೆಲ್ಲ. ಹಿಂಭಾರ ಆದ್ರ ನೊಗ ಮ್ಯಾಲೆದ್ದು ಎತ್ತಿಗೆ ಉರುಲು ಆಗತೈತಿ, ಮರ್ತಿಯೇನ?”

“ಇದು ಎತ್ತಲ್ಲಬೇ, ಜೀಪು!”

ಅವನು ನಕ್ಕ. ಮರೆತಿರಲಿಲ್ಲ, ನೆನಪಿತ್ತು. ನೆನಪಿದ್ದೂ ನಕ್ಕ.

ಇನ್ನು ದೀಪ. ಕಂದೀಲಿನಲ್ಲಿಟ್ಟು ಜೀಪಿನೊಳಗೇ ಒಯ್ಯೋಣ, ಅತ್ತೆಯೂ ನಮ್ಮ ಜೊತೆ ಕೂರಲಿ ಎಂದಳು ಹೆಂಡತಿ. “ಹೊಸಾ ಸೀಟಿಗೆ ಎಣ್ಣಿ ಚೆಲ್ಲಿದರ ನೀ ತೊಳೀತೀಯೇನ?” ಅಂದ. ಹಾಗಾದರೆ ದೀಪ ಕಾಯುವವರು ಯಾರು? ಮುದುಕಿ ಎಣ್ಣೆಯ ಗಿಂಡಿ ಹಿಡಿದುಕೊಂಡು ಹಿಂದಿನ ಗಾಡಿ ಹತ್ತಿದಳು. ಹೆತ್ತ ತಾಯಿ ತಗಡಿನ ಗೂಡಿನಲ್ಲಿ, ಇವನು ಮೆತ್ತನೆ ಸೀಟಿನಲ್ಲಿ. ಎಳೆಯುವ ಗಾಡಿಯೊಳಗೆ ಜೀವ ಕೂರಿಸಬಾರದು ಅಂತ ಯಾರಾದರೂ ಪುಸ್ತಕ ಓದಿ ತಿಳಿಯಬೇಕೇ?

ಬಯಲು ರಸ್ತೆ ಇರುವತನಕ ಎಲ್ಲ ಚೆನ್ನಾಗಿತ್ತು. ಒಂದು ಬಸ್ಸು ಜೋರಾಗಿ ದಾಟಿಕೊಂಡು ಹೋಯಿತು. ಅದರ ಗಾಳಿಗೆ ಗಾಡಿಯ ಬಾಲ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಿತು. ಎದುರಿಗೆ ಎಮ್ಮೆಗಳಿದ್ದವು, ಅವನು ಮೊದಲೇ ನಿಧಾನ ಮಾಡಿದ್ದ, ತೂಗಾಟ ತಾನೇ ನಿಂತಿತು. ಹೆಂಡತಿ ಹೆದರಿ ಹಿಂದಕ್ಕೆ ಫೋನ್ ಮಾಡಿದಳು.

“ಅತ್ತಿ, ಹೆಂಗದೀರಿ?”

“ತೊಟ್ಟಿಲದಾಗ ಕುಂತಂಗ ಆಗೈತಿ ನೋಡವ್ವ. ಈ ವಯಸ್ಸಿನಾಗ ತೂಗಾಕ ಹತ್ಯಾನ ನನ್ನ ಮಗ. ಡ್ರಮ್ಮಿನ್ಯಾಗಿನ ನೀರು ಧಬಾ ಧಬಾ ಅಂತೈತಿ. ಎಲ್ಲೆರ ನಿಂದ್ರಿಸಿ ಅದನ್ನ ಮುಂದ ತರಸಂತ ಹೇಳು.”

“ರೀ, ಕೇಳಿದ್ರಿಲ್ಲ? ನಿಂದರಸ್ರಿ.”

“ಮುಟ್ಟಿದ ಮ್ಯಾಲ ತಗದರಾತು.”

ಅಷ್ಟರಲ್ಲಿ ಅದೇ ದೇವರಿಗೆ ನೀರು ಒಯ್ಯುತ್ತಿದ್ದ ದಾಯಾದಿಯೊಬ್ಬನ ಕಾರು ಪಕ್ಕಕ್ಕೆ ಬಂತು. ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಏನಪಾ ಸಾಹುಕಾರ, ಮನೀನ ಬೆನ್ನಿಗೆ ಕಟಗೊಂಡು ಹೊಂಟೀಯಲ್ಲ, ಆಮಿ ಹಂಗ! ಸಾವಕಾಶ ಬಾ, ನಾವು ನೀರು ಹಾಕಿರ್ತೀವಿ!”

ಆ ಮಾತು ಸಾಹುಕಾರನ ಎದೆಯಲ್ಲಿ ಕೆಂಡದ ಹಾಗೆ ಬಿತ್ತು. ಮುಂದೆ ಗುಡ್ಡದ ಇಳಿಜಾರು. ಇಳಿಜಾರಿನಲ್ಲಿ ತಾಳಬೇಕೋ, ಓಡಬೇಕೋ? ಓಡಿದ. ದಾಯಾದಿಯನ್ನು ದಾಟಿದ, ದಾಟಿ ಹಾರ್ನ್ ಹೊಡೆದ. ಆಗ ಹಿಂದೆ ತೂಗಾಟ ಶುರುವಾಯಿತು. ಮೊದಲು ಸಣ್ಣಗೆ. ಆಮೇಲೆ ದೊಡ್ಡದಾಗಿ. ಹಿಂಭಾರದ ಗಾಡಿ ಜೀಪಿನ ಬೆನ್ನನ್ನೇ ಎತ್ತುತ್ತಿತ್ತು, ಜೀಪಿನ ಹಿಂಗಾಲಿಗಳು ರಸ್ತೆಯ ಹಿಡಿತ ಬಿಡತೊಡಗಿದವು. ಕನ್ನಡಿಯಲ್ಲಿ ಗಾಡಿಮನೆ ಎಡಕ್ಕೆ ಕಾಣಿಸಿತು, ಬಲಕ್ಕೆ ಕಾಣಿಸಿತು, ಮತ್ತೆ ಎಡಕ್ಕೆ.

ಕಾಲು ತೆಗೆದಿದ್ದರೆ? ನೆಟ್ಟಗೆ ಹಿಡಿದಿದ್ದರೆ? ಪಕ್ಕದಲ್ಲೇ ಇದ್ದ ಆ ಹಿಡಿಯನ್ನು ಮೆಲ್ಲಗೆ ಒತ್ತಿದ್ದರೆ? ಉಳಿಯುತ್ತಿತ್ತೋ ಏನೋ, ದೇವರಿಗೇ ಗೊತ್ತು. ಅವನಿಗೆ ಗೊತ್ತಿದ್ದದ್ದು ಒಂದೇ: ತನ್ನ ಮಾತು ಕೇಳದ್ದನ್ನು ಬಡಿದು ಬಗ್ಗಿಸುವುದು. ಗಾಡಿ ಎಡಕ್ಕೆ ಹೋದರೆ ಇವನು ಬಲಕ್ಕೆ ಎಳೆದ, ಬಲಕ್ಕೆ ಹೋದರೆ ಎಡಕ್ಕೆ. ಹಲ್ಲು ಕಚ್ಚಿ ಬ್ರೇಕ್ ತುಳಿದ. ಮುಂದಿನ ಜೀಪಿಗೆ ತಡೆ ಬಿತ್ತು, ಹಿಂದಿನ ಗಾಡಿಗೆ ಬೀಳಲಿಲ್ಲ. ಗಾಡಿಮನೆ ಪಕ್ಕಕ್ಕೆ ಬಂದು, ಕೊಂಡಿ ಮುರಿದು, ಉರುಳಿತು. ಒಂದು ಸಲವಲ್ಲ.

ಹೆಂಡತಿಯ ಕೈಯಲ್ಲಿ ಫೋನ್ ಇನ್ನೂ ಇತ್ತು. “ಅತ್ತಿ, ಅತ್ತಿ” ಅನ್ನುತ್ತಿದ್ದಳು. ಸಾಹುಕಾರ ಜೀಪಿನಿಂದ ಇಳಿದು ಏರು ಹತ್ತುತ್ತ ಓಡಿದ. ಅವನು ಮುಟ್ಟುವ ಮೊದಲೇ ಬಾವಿಯ ನೀರು ರಸ್ತೆಯುದ್ದ ಹರಿದು ಬಂದು ಅವನ ಚಪ್ಪಲಿಯನ್ನು ತೋಯಿಸಿತು. ಡ್ರಮ್ಮಿನ ಅಡಿಯಿಂದ ಮುದುಕಿಯನ್ನು ಎಳೆದು ತೆಗೆದವನು ಯಾರು? ಆ ದಾಯಾದಿಯೇ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವನನ್ನು ನೋಡಿ ಒಂದೇ ಮಾತು ಅಂದ: “ಬಾ, ನಿಮ್ಮವ್ವ. ನೀನ ಹಿಡಕೋ.”

ದೇವರಿಗೆ ಆ ಸಲ ಇಬ್ಬರ ನೀರೂ ಮುಟ್ಟಲಿಲ್ಲ. ಸೂತಕ.

ಈಗ ಅಳಬೇಡಿ. ಅತ್ತು ಎದ್ದು ಹೋಗುವುದು ಬಲು ಸುಲಭ. ನಿಮ್ಮ ಮನೆ ನೋಡಿಕೊಳ್ಳಿ. ಮಂದಿಗೆ ಕಾಣುವ ಕಡೆ ಬೆಳ್ಳಿ, ಕಾಣದ ಕಡೆ ಭಾರ, ಹೌದೋ ಅಲ್ಲವೋ? ಹೆಂಡತಿಯ ಮಂಡಿನೋವು ಹಿಂದಕ್ಕೆ, ತಾಯಿಯ ಮಾತು ಹಿಂದಕ್ಕೆ, ಮಗಳ ಓದು ಹಿಂದಕ್ಕೆ. ಅದು ಒಂದು ದಿನ ತೂಗಾಡುತ್ತದೆ. ತೂಗಾಡಿದಾಗ ಏನು ಮಾಡುತ್ತೀರಿ? ಕೈ ಎತ್ತುತ್ತೀರಿ, ಬಾಗಿಲು ದಡಾರಂತ ಹಾಕುತ್ತೀರಿ. ಇನ್ನು ಮೇಲೆ ಹಾಗೆ ಮಾಡಬೇಡಿ. ಮನೆಯಲ್ಲಿ ಎದುರುಮಾತು ಬಂದ ಕೂಡಲೇ ದನಿ ತಗ್ಗಿಸಿ, ಎದ್ದು ಹೋಗದೆ ಕೂತಿರಿ, ಪೂರ್ತಿ ಕೇಳಿ. ‘ನಿಲ್ಲಿಸು’ ಅಂತ ಹಿಂದಿನಿಂದ ಯಾರಾದರೂ ಅಂದರೆ, ಮುಟ್ಟಿದ ಮೇಲಲ್ಲ, ಅಲ್ಲೇ ನಿಲ್ಲಿಸಿ.

ಇನ್ನೊಂದು. ಮಠದ ಅಂಗಳದಲ್ಲಿ ನಿಂತಿರುವ ಟ್ರ್ಯಾಕ್ಟರುಗಳನ್ನು ನೋಡಿಯೇ ನಾನು ಒಳಗೆ ಬಂದದ್ದು. ಟ್ರೇಲರಿನಲ್ಲಿ ಹೆಂಗಸರು, ಕೂಸುಗಳನ್ನು ಜೋಳದ ಚೀಲದ ಹಾಗೆ ಒಟ್ಟಿಕೊಂಡು ಬಂದಿದ್ದೀರಿ, ಪುಣ್ಯ ಕಟ್ಟಿಕೊಳ್ಳುವುದಕ್ಕೆ! ಹೋಗುವಾಗ ಟ್ರೇಲರ್ ಬರಿದಾಗಿ ಹೋಗಬೇಕು. ತಾಯಂದಿರೇ, ಯಾರು ಕರೆದರೂ ಹತ್ತಬೇಡಿ, ಗಂಡ ಬೈದರೂ ಹತ್ತಬೇಡಿ. ಬಸ್ಸು ತಡವಾಗುತ್ತದೆ, ಆಗಲಿ. ಅದು ಬರುವತನಕ ಇಲ್ಲೇ ಊಟ ಮಾಡಿ ಕೂತಿರಿ. ಕೊನೆಯ ಕೂಸು ಬಸ್ಸು ಹತ್ತುವ ತನಕ ನಾನೂ ಬಾಗಿಲಲ್ಲಿ ನಿಂತಿರುತ್ತೇನೆ.